48 ಲಕ್ಷದ ಹಳೇ ಮಸ್ಟಾಂಗ್ ವಿ8 ತಗೊಳ್ಳೋದಾ, ಹೊಸ ವರ್ಟಸ್ ಜಿಟಿ ಸಾಕಾ? ಮನೆ ಮೇಗರವಳ್ಳಿ ಕಡೆ

ಮೇಗರವಳ್ಳಿ_ಹುಡುಗ

ನಮಸ್ಕಾರ ಎಲ್ರಿಗೂ. ಒಂದೂವರೆ ತಿಂಗಳಿಂದ ತಲೇಲಿ ಇದೊಂದೇ ಓಡ್ತಿದೆ, ಮನೇಲಿ ಯಾರ ಹತ್ರ ಹೇಳಿದ್ರೂ ಅವರವರ ಲೆಕ್ಕ ಹೇಳ್ತಾರೆ, ಅದಕ್ಕೆ ಗಾಡಿ ಓಡಿಸೋರ ಹತ್ರನೇ ಕೇಳಣ ಅಂತ ಬಂದೆ.

ನಮ್ಮನೆ ತೀರ್ಥಹಳ್ಳಿ–ಆಗುಂಬೆ ರೋಡಲ್ಲಿ ಮೇಗರವಳ್ಳಿಯಿಂದ ಒಳಗೆ. ಮೇನ್ ರೋಡಿಂದ ಮನೆಗೆ ಹತ್ತಿರತ್ತಿರ 2 ಕಿಲೋಮೀಟರ್, ಅರ್ಧ ಪಂಚಾಯ್ತಿ ಕಾಂಕ್ರೀಟು, ಇನ್ನರ್ಧ ನಮ್ಮ ತೋಟದ ಮಣ್ಣು ದಾರಿ. ಅಪ್ಪಯ್ಯ, ಅಮ್ಮ, ನಾನು, ಹೆಂಡ್ತಿ, 4 ವರ್ಷದ ಮಗಳು. ಮನೆಗೆ ಅಂತ ಇನೋವಾ ಕ್ರಿಸ್ಟಾ ಇದೆ, ಅದು ಇದ್ದೇ ಇರುತ್ತೆ. ಈಗ ತಗೊಳ್ತಿರೋದು ನಂಗೆ ಅಂತ, ಓಡಿಸೋ ಖುಷಿಗೆ. ಈ ಸಲ ಅಡಿಕೆ ಕೈ ಹಿಡಿದಿದೆ, ಎರಡು ವರ್ಷದಿಂದ ಮಾರದೆ ಇಟ್ಟಿದ್ದ ರಾಶಿನೂ ಕೊಟ್ಟಾಯ್ತು, ಸಾಲ ಮಾಡೋ ಹಾಗಿಲ್ಲ ಮಾಡೋದೂ ಇಲ್ಲ.

ಒಂದು, ಬೆಂಗಳೂರಲ್ಲಿರೋ 2017ರ ಫೋರ್ಡ್ ಮಸ್ಟಾಂಗ್ ಜಿಟಿ. 5 ಲೀಟರ್ ವಿ8 (ಎಂಟು ಸಿಲಿಂಡರ್ ಎಂಜಿನ್), ಪವರ್ 401 ಪಿಎಸ್, ಟಾರ್ಕ್ ಅಂದ್ರೆ ಎಳೆಯೋ ಶಕ್ತಿ 515 ಎನ್‌ಎಂ, ಓಡಿರೋದು 21 ಸಾವಿರ, ಮಹಾರಾಷ್ಟ್ರ ನಂಬರು. 48 ಲಕ್ಷ ಹೇಳ್ತಿದಾರೆ, ಕೂತು ಮಾತಾಡಿದ್ರೆ 46ಕ್ಕೆ ಬರಬಹುದು. ಇನ್ನೊಂದು, ಹೊಸಾ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ ಟರ್ಬೋ ಪೆಟ್ರೋಲ್, ಮ್ಯಾನ್ಯುಯಲ್, 150 ಪಿಎಸ್, 250 ಎನ್‌ಎಂ, ರೋಡಿಗೆ ಇಳಿಯೋವಾಗ ಸುಮಾರು 22 ಲಕ್ಷ. ಎರಡಕ್ಕೂ ಹೋಲಿಕೆನೇ ಇಲ್ಲ ಅಂತ ನಂಗೂ ಗೊತ್ತು, ಆದ್ರೆ ನಡುವೆ ಇರೋ ಯಾವ ಗಾಡಿನೂ ಮನಸ್ಸಿಗೆ ಬರ್ತಿಲ್ಲ. ತಗೊಂಡ್ರೆ ಆಸೆ ಪಟ್ಟಿದ್ದೇ ತಗೊಳ್ಬೇಕು, ಇಲ್ಲಾಂದ್ರೆ ನಮ್ಮ ರೋಡಿಗೆ ಒಪ್ಪೋ ಒಂದು ಚುರುಕಾದ ಗಾಡಿ ತಗೊಂಡು ಸುಮ್ಮನಾಗ್ಬೇಕು.

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮಾಡ್ತಿದ್ದಾಗ ಹಾಸ್ಟೆಲ್ ಗೋಡೆ ಮೇಲೆ ಮಸ್ಟಾಂಗಿನ ಫೋಟೋನೇ ಅಂಟಿಸಿದ್ದೆ. ಆಮೇಲೆ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಒಂದಿನ ಬೆಳಿಗ್ಗೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಯಾರೋ ಸ್ಟಾರ್ಟ್ ಮಾಡಿದ್ರು, ಜೂನ್ ಮೊದಲ ವಾರ ಕುಂದಾದ್ರಿ ಆಚೆ ಗುಡುಗು ಉರುಳುತ್ತಲ್ಲ ಹಂಗೆ ಎದೆ ಒಳಗೆ ಬಂತು ಆ ಸೌಂಡು. ಇವತ್ತಿಗೂ ಮರ್ತಿಲ್ಲ. ವರ್ಷಕ್ಕೆ 6 ಸಾವಿರ ಕಿಲೋಮೀಟರ್ ಓಡಿಸ್ತೀನಿ ಅನ್ಕೊಳ್ಳಿ. ಶಿವಮೊಗ್ಗ, ಉಡುಪಿ, ಎರಡು ತಿಂಗಳಿಗೊಮ್ಮೆ ಬೆಂಗಳೂರು. ಆ 250 ಪಿಎಸ್ ಜಾಸ್ತಿಗೆ 26 ಲಕ್ಷ ಜಾಸ್ತಿ ಕೊಡಬಹುದಾ ಅನ್ನೋದೇ ಪ್ರಶ್ನೆ. ನಿಜ ಅನಿಸಿದ್ದನ್ನ ಹೇಳಿ, ಬೇಜಾರು ಮಾಡ್ಕೊಳಲ್ಲ.

ಬಿಎಚ್‌ರೋಡ್_ಮೆಕ್ಯಾನಿಕ್

ಹುಡುಗ, ಪೆಟ್ರೋಲಿಗೆ ಹೆದರಬೇಡ, ಎಲ್ರೂ ಮೊದ್ಲು ಅದನ್ನೇ ಹೇಳ್ತಾರೆ. ನೀನು ಹೇಳೋ 6 ಸಾವಿರ ಕಿಲೋಮೀಟರಿಗೆ ವಿ8 ಲೀಟರಿಗೆ ಐದೂವರೆ ಕೊಟ್ರೆ 1090 ಲೀಟರು, ವರ್ಟಸ್ ನಮ್ಮ ಘಟ್ಟದ ರೋಡಲ್ಲಿ 13 ಕೊಟ್ರೂ 460 ಲೀಟರು, ವ್ಯತ್ಯಾಸ ವರ್ಷಕ್ಕೆ 65 ಸಾವಿರದ ಹತ್ರ ಅಷ್ಟೆ. 48 ಲಕ್ಷ ಕೊಡೋನಿಗೆ ಅದು ದೊಡ್ಡದಲ್ಲ. ಆ 26 ಲಕ್ಷನ ಸೊಸೈಟೀಲಿ 7 ಪರ್ಸೆಂಟಿಗೆ ಇಟ್ರೆನೇ ವರ್ಷಕ್ಕೆ 1 ಲಕ್ಷ 82 ಸಾವಿರ ಬರುತ್ತೆ, ಅದನ್ನ ಲೆಕ್ಕಕ್ಕೆ ತಗೋ.

ನಾನು ಹೇಳೋದು ಬೇರೆ ವಿಷಯ. ಫೋರ್ಡ್ ಇಲ್ಲಿ ಗಾಡಿ ಮಾಡೋದು ನಿಲ್ಲಿಸ್ತೀವಿ ಅಂದಿದ್ದು 2021ರ ಸೆಪ್ಟೆಂಬರಲ್ಲಿ. ಮಸ್ಟಾಂಗ್ ಮೊದ್ಲಿಂದನೂ ಹೊರಗಿಂದ ಬರ್ತಿದ್ದ ಗಾಡಿ, 2016ರಲ್ಲಿ 65 ಲಕ್ಷ ಎಕ್ಸ್ ಶೋರೂಮಿಗೆ ಬಂದಿದ್ದು. ಅಂದ್ರೆ ಫಿಗೋ, ಇಕೋಸ್ಪೋರ್ಟ್ ಥರ ಹಳೇ ಸಾಮಾನಿನ ಅಂಗಡೀಲಿ ಹುಡುಕಿದ್ರೆ ಸಿಗೋ ಪಾರ್ಟಲ್ಲ ಅದು. ಆಯಿಲ್, ಫಿಲ್ಟರ್, ಪ್ಯಾಡ್ ಎಲ್ಲ ಹೆಂಗೋ ತರಿಸಬಹುದು, ಎಂಜಿನ್ ಆಯಿಲ್ಲೇ ಏಳೂವರೆ ಲೀಟರ್ ಮೇಲೆ ಹಿಡಿಯುತ್ತೆ, ಇರಲಿ. ತೊಂದರೆ ಬರೋದು ಬಂಪರ್ ಒಡೆದಾಗ, ಕಂಟ್ರೋಲ್ ಆರ್ಮ್ ಬಗ್ಗಿದಾಗ, ಯಾವುದೋ ಸೆನ್ಸರ್ ಹೋದಾಗ. ನನ್ ಹತ್ರ ಒಂದು ಇಂಪೋರ್ಟೆಡ್ ಗಾಡಿ ಬಂದಿತ್ತು, ಯಾವ ಕಂಪನಿ ಅಂತ ಬೇಡ, ಮಂಡಗದ್ದೆ ಹತ್ರ ಕಲ್ಲು ಹೊಡೆದು ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಸೀಳಿತ್ತು. ಅದೊಂದು ಪಾರ್ಟಿಗೆ 7 ವಾರ ಕಾದ್ವಿ. 7 ವಾರ ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲೆ, ಓನರ್ ವಾರಕ್ಕೆರಡು ಸಲ ಬಂದು ನೋಡಿ ಏನೂ ಮಾತಾಡದೆ ಹೋಗೋರು. ಆ ಮುಖ ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಹಾರಾಷ್ಟ್ರ ನಂಬರ್ ಅಂದ್ಯಲ್ಲ, ಎನ್‌ಓಸಿ ತಗೊಂಡು 12 ತಿಂಗಳ ಒಳಗೆ ಇಲ್ಲಿಗೆ ಮಾಡಿಸ್ಕೋಬೇಕು, ಲೈಫ್ ಟ್ಯಾಕ್ಸ್ ಇಲ್ಲಿ ಹೊಸದಾಗಿ ಕಟ್ಬೇಕು. ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟು, ಅದರ ಮೇಲೆ ಸೆಸ್ಸು. ಗಾಡಿ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದ್ರೆ ಲೆಕ್ಕ ಶುರುವಾಗೋದು ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ, ನೀನು ಕೊಡೋ 46 ಲಕ್ಷದ ಮೇಲಲ್ಲ. ಅಡ್ವಾನ್ಸ್ ಕೊಡೋಕೆ ಮುಂಚೆ ಶಿವಮೊಗ್ಗ ಆರ್‌ಟಿಓಗೆ ಹೋಗಿ ಎಷ್ಟಾಗುತ್ತೆ ಅಂತ ಬರೆಸ್ಕೊಂಡು ಬಾ.

ಸಾಗರ_ಹ್ಯೂಸ್ಟನ್_ಸಾಗರ

ನಾನು 9 ವರ್ಷ ಅಮೆರಿಕದಲ್ಲಿದ್ದು ಈಗ ಸಾಗರಕ್ಕೆ ವಾಪಸ್ ಬಂದಿದೀನಿ, ಮಸ್ಟಾಂಗ್ ಎರಡೂ ಥರದ್ದು ಇಟ್ಕೊಂಡಿದ್ದೆ. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಅಲ್ಲಿ ಇದೇ ಪ್ರಶ್ನೆ ಎಲ್ರಿಗೂ ಬರುತ್ತೆ. ಅದೇ ಬಾಡಿ ಒಳಗೆ 2.3 ಲೀಟರಿನ ಇಕೋಬೂಸ್ಟ್ ಟರ್ಬೋ ನಾಲ್ಕು ಸಿಲಿಂಡರು, 310 ಎಚ್‌ಪಿ, ಇಲ್ಲಾಂದ್ರೆ ಜಿಟಿ ವಿ8, ಅಲ್ಲಿ 2015ರ ಮಾಡೆಲಿಗೆ 435 ಎಚ್‌ಪಿ ಕೊಡ್ತಿದ್ರು, ನಮ್ಮಲ್ಲಿಗೆ ಬಂದಿದ್ದು 401 ಪಿಎಸ್. ನಾನು ಮೊದ್ಲು ದುಡ್ಡು ಉಳಿಸಣ ಅಂತ ಇಕೋಬೂಸ್ಟ್ ತಗೊಂಡೆ. ಗಾಡಿಗೆ ಏನೂ ಹೇಳೋ ಹಾಗಿಲ್ಲ, ಮೂಗು ಹಗುರ, ತಿರುವಲ್ಲಿ ಚೆನ್ನಾಗಿ ತಿರುಗುತ್ತೆ. ಆದ್ರೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೋ ಒಂದು ಕಡಿಮೆ ಅನ್ಸೋದು. ಎರಡು ವರ್ಷ ಹಂಗೇ ಓಡಿಸಿ ಆಮೇಲೆ ಕೊಟ್ಟು ಜಿಟಿ ತಗೊಂಡೆ, ಮಧ್ಯ ಕಳ್ಕೊಂಡ ದುಡ್ಡಲ್ಲಿ ಮೊದ್ಲೇ ಜಿಟಿ ತಗೋಬಹುದಿತ್ತು. ಅದಕ್ಕೆ ಹೇಳ್ತೀನಿ, ವಿ8 ಬೇಕು ಅನ್ನೋ ಮನಸ್ಸಿಗೆ ಟರ್ಬೋ ಕೊಟ್ಟು ಸಮಾಧಾನ ಮಾಡೋಕಾಗಲ್ಲ. ನೀನು ಕಡಿಮೆ ಬೆಲೆದು ತಗೊಳೋದಾದ್ರೆ ಅದನ್ನ ಅದಕ್ಕೋಸ್ಕರನೇ ಇಷ್ಟಪಟ್ಟು ತಗೋ, ಮಸ್ಟಾಂಗ್ ಸಿಗ್ಲಿಲ್ಲ ಅಂತ ತಗೋಬೇಡ.

ಇನ್ನು ಎಂಜಿನ್ ವಿಷಯ. ವರ್ಟಸ್‌ದು 250 ಎನ್‌ಎಂ 1600 ಆರ್‌ಪಿಎಂಗೇ ಬರುತ್ತೆ, ಮಸ್ಟಾಂಗ್‌ದು 515 ಎನ್‌ಎಂ ಬರೋಕೆ 4250 ಬೇಕು, ಅದಕ್ಕೆ ಘಟ್ಟಕ್ಕೆ ಟರ್ಬೋನೇ ವಾಸಿ ಅಂತ ಕೆಲವರು ಹೇಳ್ತಾರೆ, ಅದು ತಪ್ಪು. 5 ಲೀಟರ್ ಎಂಜಿನ್ 1600ರಲ್ಲೂ ವರ್ಟಸ್ ಕೊಡೋದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತೆ, ಕಾಲು ಇಟ್ರೆ ಸಾಕು ಎಳೀತದೆ. ಟರ್ಬೋ ತುಂಬ್ಕೊಳ್ಳಲಿ ಅಂತ ಕಾಯೋ ಕೆಲಸ ಇಲ್ಲ. ಆ ನೇರ ಸಂಬಂಧ, ಪಾದಕ್ಕೂ ಹಿಂದಿನ ಚಕ್ರಕ್ಕೂ ಒಂದೇ ದಾರ ಕಟ್ಟಿದ ಹಾಗೆ, ಅದನ್ನ ಓಡಿಸಿದೋರೇ ಬಲ್ಲರು.

ಆದ್ರೆ ಅದನ್ನ ಬಿಚ್ಚೋದು ಎಲ್ಲಿ ಅಂತ ಯೋಚನೆ ಮಾಡು. ಆ ಎಂಜಿನ್ ನಿಜವಾಗ್ಲೂ ಹಾಡೋಕೆ ಶುರು ಮಾಡೋದು 5000 ಆರ್‌ಪಿಎಂ ದಾಟಿದ ಮೇಲೆ, ಎರಡನೇ ಗೇರಲ್ಲಿ ಪೂರ್ತಿ ಎಳೆದ್ರೆ ಅಲ್ಲೇ 100 ದಾಟಿರ್ತೀಯ. ಹ್ಯೂಸ್ಟನಲ್ಲಿ ಫ್ರೀವೇ ರ‍್ಯಾಂಪ್ ಹತ್ತೋವಾಗ ದಿನಕ್ಕೆರಡು ಸಲ ಆ ಖುಷಿ ಸಿಕ್ತಿತ್ತು. ಇಲ್ಲಿ ನಿಮ್ಮನೆಯಿಂದ ತೀರ್ಥಹಳ್ಳಿಗೆ ಹೋಗೋ ರೋಡಲ್ಲಿ ಎಲ್ಲಿ ಎರಡನೇ ಗೇರ್ ಮುಗಿಸ್ತೀಯ ಹೇಳು? ಒಂದು ತಿರುವು, ಹಸು, ಬಸ್ ಸ್ಟಾಪು, ಮತ್ತೆ ತಿರುವು. ಆಗುಂಬೆ ಘಟ್ಟದಲ್ಲಿ 14 ಹೇರ್‌ಪಿನ್ನು, ಎದುರಿಂದ ಬಸ್ ಬಂದ್ರೆ ನಿಂತ್ಕೊಂಡು ಜಾಗ ಕೊಡ್ಬೇಕು. ಹೈವೇಲಿ ನಾಲ್ಕು ಪಥ ಇದ್ರೂ ಕಾನೂನು ಇರೋದು 100ಕ್ಕೆ, ನಮ್ಮ ರಾಜ್ಯದಲ್ಲಿ 2024ರ ಆಗಸ್ಟಿಂದ 130 ದಾಟಿದ್ರೆ ಎಫ್‌ಐಆರ್ ಅಂತ ಮಾಡಿದಾರೆ. ವರ್ಟಸ್‌ನ ಪವರನ್ನ ನೀನು ದಿನಾ ಪೂರ್ತಿ ಬಳಸ್ತೀಯ, ಮಸ್ಟಾಂಗ್‌ದು ಕಾಲು ಭಾಗನೂ ಬಳಸಲ್ಲ. ಅದು ಬೇಡ ಅಂತ ಹೇಳ್ತಿಲ್ಲ. ಬಳಸದಿದ್ರೂ ಇದೆ ಅನ್ನೋ ತೃಪ್ತಿಗೇ 26 ಲಕ್ಷ ಕೊಡ್ತೀನಿ ಅಂದ್ರೆ ಅದೂ ಒಂದು ಕಾರಣನೇ, ಆದ್ರೆ ಅದೇ ಕಾರಣ ಅಂತ ನಿಂಗೆ ಸ್ಪಷ್ಟ ಇರ್ಬೇಕು.

ಮತ್ತೆ ಮಳೆ. ಅದರಲ್ಲಿ ಸ್ನೋ/ವೆಟ್ ಅಂತ ಒಂದು ಮೋಡ್ ಇದೆ, ಕಾಲಿಟ್ಟಾಗ ಪವರ್ ಮೆತ್ತಗೆ ಬಿಡುತ್ತೆ, ಕೆಲಸ ಮಾಡುತ್ತೆ. ಆದ್ರೂ ಹಿಂದಿನ ಚಕ್ರಕ್ಕೆ 515 ಎನ್‌ಎಂ ಹೋಗೋ ಗಾಡಿನ ಸೋಮೇಶ್ವರದಿಂದ ಮೇಲೆ ಹತ್ತಿಸೋವಾಗ, ಜುಲೈಲಿ, ಮಂಜು ಬೇರೆ, ರೋಡ್ ಅಂಚಲ್ಲಿ ಪಾಚಿ, ತಿರುವಲ್ಲಿ ಎಲೆ ಕೊಳೆತು ಬಿದ್ದಿರುತ್ತೆ, ಅಲ್ಲಿ ಕಾಲು ಎಷ್ಟು ಹಗುರ ಇದ್ರೂ ಸಾಲದು. ನಾನಾದ್ರೆ ಜೂನಿಂದ ಸೆಪ್ಟೆಂಬರ್ ತನಕ ಹೊರಗೇ ತೆಗೀತಿರ್ಲಿಲ್ಲ.

ಮೇಗರವಳ್ಳಿ_ಹುಡುಗ

ಅಣ್ಣ, ಇಷ್ಟೊತ್ತು ಕೂತು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪಾದಕ್ಕೂ ಚಕ್ರಕ್ಕೂ ದಾರ ಕಟ್ಟಿದ ಹಾಗೆ ಅಂದ್ರಲ್ಲ, ಓದಿ ಇನ್ನೂ ಆಸೆ ಜಾಸ್ತಿ ಆಯ್ತು. ಮಳೆಗಾಲ 4 ತಿಂಗಳು ನಿಲ್ಸೋಕೆ ನಾನು ತಯಾರಿದೀನಿ, ಹಳೇ ಕೊಟ್ಟಿಗೆ ಖಾಲಿ ಇದೆ, ಅದಕ್ಕೆ ಶಟರ್ ಹಾಕ್ಸಿದ್ರೆ ಆಯ್ತು.

ಬಿಎಚ್‌ರೋಡ್_ಮೆಕ್ಯಾನಿಕ್

ಕೊಟ್ಟಿಗೇಲಿ 4 ತಿಂಗಳಾ? ಮಾರಾಯ, ಆಗುಂಬೆ ಪಕ್ಕದಲ್ಲಿದೀಯ, ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ ಬೀಳೋ ಜಾಗ. ಮನೆ ಒಳಗಿರೋ ಚಪ್ಪಲಿ, ಬೆಲ್ಟಿಗೇ ಬೂಸ್ಟು ಹಿಡಿಯುತ್ತೆ, ಲೆದರ್ ಸೀಟ್ ಬಿಡುತ್ತಾ? ಬ್ರೇಕ್ ಡಿಸ್ಕ್ ಕೆಂಪಗಾಗುತ್ತೆ, ಬ್ಯಾಟರಿ ಇಳಿಯುತ್ತೆ. ಅಡಿಕೆ ಇರೋ ಕಡೆ ಇಲಿ ಇದ್ದೇ ಇರುತ್ತೆ, ಕೊಟ್ಟಿಗೇಲಿ ನಿಲ್ಸಿದ್ದ ಗಾಡಿಗಳ ವೈರಿಂಗ್ ತಿಂದು ಹಾಕಿದ್ದನ್ನ ಪ್ರತಿ ಸೆಪ್ಟೆಂಬರ್ ನೋಡ್ತೀನಿ. ಪೆಟ್ರೋಲೂ ಈಗ 20 ಪರ್ಸೆಂಟ್ ಎಥೆನಾಲ್ ಇರೋದು, ಎಥೆನಾಲ್ ಗಾಳೀಲಿರೋ ನೀರು ಎಳ್ಕೊಳ್ಳುತ್ತೆ, ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಲೆ ನಿಲ್ಸಿದ್ರೆ ಒಳ್ಳೇದಲ್ಲ, ಅದೂ 2017ರ ಗಾಡಿ, ಈ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ನಿಲ್ಸೋದೇ ಆದ್ರೆ ಟ್ಯಾಂಕ್ ಫುಲ್ ಮಾಡಿ, ಬ್ಯಾಟರಿಗೆ ಟ್ರಿಕಲ್ ಚಾರ್ಜರ್ (ಮೆಲ್ಲಗೆ ಚಾರ್ಜ್ ಮಾಡ್ತಾನೇ ಇರೋದು) ಹಾಕಿ, 15 ದಿನಕ್ಕೊಮ್ಮೆಯಾದ್ರೂ ಎಂಜಿನ್ ಪೂರ್ತಿ ಬಿಸಿ ಆಗೋ ತನಕ ಓಡಿಸ್ಬೇಕು. ಅಷ್ಟು ಮಾಡ್ತೀಯ ಅಂದ್ರೆ ಸರಿ.

ಭದ್ರಾವತಿ_ರೋಡ್‌ಕಿಂಗ್

ನಂದು ಬೇರೆ ಮಾತು. ನಮ್ಮಪ್ಪ ಫ್ಯಾಕ್ಟರಿ ಕೆಲಸದಲ್ಲಿದ್ರು, ಅವ್ರಿಗೆ ಯೆಜ್ಡಿ ರೋಡ್‌ಕಿಂಗ್ ಅಂದ್ರೆ ಪ್ರಾಣ. ಮೈಸೂರಲ್ಲೇ ಆಗ್ತಿದ್ದ ಗಾಡಿ, ಆಗ ತಗೋಬಹುದಿತ್ತು, ತಂಗಿ ಮದುವೆ ಆಗಲಿ, ಮನೆ ಆಗಲಿ, ಇವನ ಓದು ಮುಗೀಲಿ ಅಂತ ಮುಂದೆ ಹಾಕ್ತಾನೇ ಬಂದ್ರು. ರಿಟೈರ್ ಆದ್ಮೇಲೆ ನಾನೇ ಒಂದು ಹಳೇ ರೋಡ್‌ಕಿಂಗ್ ಹುಡುಕಿ ರೆಡಿ ಮಾಡಿಸಿ ತಂದು ಮನೆ ಮುಂದೆ ನಿಲ್ಸಿದೆ. ಕಿಕ್ ಹೊಡೆಯೋಕೆ ಮಂಡಿ ಕೇಳ್ಲಿಲ್ಲ. ನಾನು ಸ್ಟಾರ್ಟ್ ಮಾಡಿ ಕೊಡ್ತೀನಿ, ಅವರು ಅಂಗಳದಲ್ಲಿ ಅದರ ಮೇಲೆ ಕೂತು ಆಕ್ಸಲರೇಟರ್ ತಿರುಗಿಸಿ ಸೌಂಡ್ ಕೇಳ್ತಾರೆ, ಅಷ್ಟೆ. ತಮ್ಮಾ, ಸಾಲ ಇಲ್ಲ, ದುಡ್ಡು ಕೈಲಿದೆ, ವಯಸ್ಸಿದೆ. ಲೆಕ್ಕ ಹಾಕ್ತಾ ಕೂತ್ರೆ ಯಾವತ್ತೂ ಲೆಕ್ಕ ಸರಿಹೋಗಲ್ಲ. ನನ್ನ ಓಟು ಮಸ್ಟಾಂಗಿಗೆ.

ಹೊಸನಗರ_ಅಕ್ಕ

ಭದ್ರಾವತಿಯವರು ಬರೆದಿದ್ದು ಓದಿ ಕಣ್ಣು ತುಂಬಿತು, ನಿಜ ಹೇಳ್ತೀನಿ. ಆದ್ರೂ ತಮ್ಮಾ ಒಂದೆರಡು ಮಾತು ಕೇಳು.

ನಾನು ನಮ್ಮತ್ತೇನ ಡಯಾಲಿಸಿಸ್‌ಗೆ ಅಂತ ಒಂದೂವರೆ ವರ್ಷ ವಾರಕ್ಕೆರಡು ದಿನ ಘಟ್ಟ ಇಳಿಸಿ ಮಣಿಪಾಲಕ್ಕೆ ಕರ್ಕೊಂಡು ಹೋಗಿದೀನಿ, ನಾನೇ ಡ್ರೈವ್ ಮಾಡಿ. ಪವರ್ ಬೇಡ ಅಂತ ನಾನು ಹೇಳಲ್ಲ, ಲಾರಿ ಹಿಂದೆ ಸಿಕ್ಕಾಕೊಂಡಾಗ, ಓವರ್‌ಟೇಕಿಗೆ ಸಿಗೋ ಆ ನಾಲ್ಕು ಸೆಕೆಂಡಲ್ಲಿ ಗಾಡಿ ಎಳೀಬೇಕು, ಎಳೀದಿದ್ರೆ ಜೀವಕ್ಕೆ ಕುತ್ತು. ಹಳೇ 1.2 ಲೀಟರ್ ಕಾರಲ್ಲಿ ಆ ಭಯ ಅನುಭವಿಸಿದೀನಿ. 150 ಪಿಎಸ್ ಆ ಕೆಲಸಕ್ಕೆ ಧಾರಾಳ ಸಾಕು. ಅದಕ್ಕಿಂತ ಮೇಲೆ ಬರೋದು ಖುಷಿಗೆ, ಖುಷಿ ತಪ್ಪಲ್ಲ.

ನಂಗೆ ಯೋಚನೆ ಆಗಿದ್ದು ಹಿಂದಿನ ಸೀಟಿಂದು. ಮಸ್ಟಾಂಗಿಗೆ ಎರಡೇ ಬಾಗ್ಲು, ಮುಂದಿನ ಸೀಟ್ ಮಡಚಿ ಬಗ್ಗಿ ಹತ್ಬೇಕು, ನಿಮ್ಮ ಅಪ್ಪಯ್ಯ ಅಮ್ಮ ಯಾವತ್ತೂ ಅದರಲ್ಲಿ ಕೂರಲ್ಲ. ಕೂರೋದು ಮಗಳು. 2017ರ ಜನವರೀಲಿ ಯೂರೋ ಎನ್‌ಕ್ಯಾಪ್ ಅನ್ನೋ ಕ್ರ್ಯಾಶ್ ಟೆಸ್ಟಲ್ಲಿ ಈ ಗಾಡಿಗೆ 5ರಲ್ಲಿ 2 ಸ್ಟಾರ್ ಬಂದಿದ್ದು, ಅದರಲ್ಲಿ ಹಿಂದೆ ಕೂತವರ ರಕ್ಷಣೆ ಕಡಿಮೆ ಅನ್ನೋದೂ ಒಂದು. ವರ್ಟಸ್‌ಗೆ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ 5 ಸ್ಟಾರ್ ಕೊಟ್ಟಿದೆ. ಎರಡೂ ಟೆಸ್ಟ್ ಬೇರೆ ಬೇರೆ, ಅಂಕೆಗೆ ಅಂಕೆ ಇಟ್ಟು ಹೋಲಿಸೋ ಹಾಗಿಲ್ಲ, ಆದ್ರೂ ಮಗು ಹಿಂದೆ ಕೂರೋದು ಅಂದ್ಮೇಲೆ ಇದನ್ನ ಓದಿ ಸುಮ್ಮನಿರೋಕಾಗಲ್ಲ.

ಇನ್ನೊಂದು. ಮಗಳಿಗೆ 4 ವರ್ಷ ಅಂದ್ಯಲ್ಲ, ಸ್ಕೂಲ್ ಎಲ್ಲಿ? ನಮ್ಮ ಕಡೆ ಮುಕ್ಕಾಲು ಮನೇಲಿ ಆಗೋ ಹಾಗೆ ಇನ್ನೆರಡು ವರ್ಷಕ್ಕೆ ನೀವೂ ಶಿವಮೊಗ್ಗದಲ್ಲಿ ಮನೆ ಮಾಡಿ, ತೋಟಕ್ಕೆ ಓಡಾಡ್ಕೊಂಡು ಇರೋದೇ ಆದ್ರೆ, ಆಗ ಆ ಗಾಡಿ ಟಾರ್ ರೋಡ್ ಇರೋ ಊರಲ್ಲಿ ಮಲಗುತ್ತೆ. ಅದು ಬೇರೆ ಲೆಕ್ಕ.

ತೀರ್ಥಳ್ಳಿ_ಕಂಟ್ರಾಕ್ಟರ್

ಎಲ್ರೂ ಪವರ್ ಬಗ್ಗೆನೇ ಮಾತಾಡ್ತಿದೀರಿ, ನಾನು ರೋಡ್ ಕೆಲಸದೋನು, ನಂಗೆ ಕಾಣೋದು ಕೆಳಗೆ. ಮಸ್ಟಾಂಗಿನ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಗಾಡಿ ಹೊಟ್ಟೆಗೂ ಇರೋ ಜಾಗ, 137 ಮಿಲಿಮೀಟರು, ವರ್ಟಸ್‌ದು 179. ನಾಲ್ಕು ಸೆಂಟಿಮೀಟರ್ ಅಷ್ಟೇನಾ ಅನ್ಬೇಡಿ, ನಮ್ಮೂರಲ್ಲಿ ಅದೇ ಎಲ್ಲಾ. ನಿಯಮದ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ, ಅಷ್ಟು ಅಗಲಕ್ಕೆ ಹರಡಿಕೊಂಡಿದ್ರೆ ಮಸ್ಟಾಂಗೂ ದಾಟುತ್ತೆ. ನಮ್ಮ ಕಡೆ ಜನ ರಾತ್ರೋರಾತ್ರಿ ಹಾಕೋ ಹಂಪು ಎರಡಡಿ ಅಗಲಕ್ಕೆ ಅರ್ಧ ಅಡಿ ಎತ್ತರ, ಬದು ಕಟ್ಟಿದ ಹಾಗೆ. ಅದೂ ಅಲ್ದೆ ಗಾಡಿ ಉದ್ದ ಆದಷ್ಟೂ ಮಧ್ಯದ ಹೊಟ್ಟೆ ಬೇಗ ತಾಗುತ್ತೆ, ಮಸ್ಟಾಂಗಿನ ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) 2720 ಮಿಲಿಮೀಟರ್.

ನಿಮ್ಮನೇಲಿ ಕ್ರಿಸ್ಟಾ ಇದೆಯಲ್ಲ, ಅದರ ವೀಲ್‌ಬೇಸ್ 2750, ಹತ್ತಿರತ್ತಿರ ಒಂದೇ. ಒಂದು ಕೆಲಸ ಮಾಡಿ. ಒಳ್ಳೆ ಒಣಗಿದ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು ಪಟ್ಟಿ) ಒಂದು ತಗೊಂಡು ಕ್ರಿಸ್ಟಾ ಅಡಿಗೆ, ಎರಡು ಚಕ್ರದ ನಡು ಮಧ್ಯ, ಅಡ್ಡಕ್ಕೆ ಕಟ್ಟಿ. ದಬ್ಬೆಯ ಕೆಳಗಿನ ಅಂಚು ನೆಲದಿಂದ ಸರಿಯಾಗಿ 13.7 ಸೆಂಟಿಮೀಟರಿಗೆ ಬರೋ ಹಾಗೆ, ಟೇಪ್ ಇಟ್ಟು ನೋಡಿ. ಹಗ್ಗದಲ್ಲಿ ಕಟ್ಟಿ, ತಂತಿ ಬೇಡ, ಸಿಕ್ಕಾಕೊಂಡ್ರೆ ಕಳಚಿ ಬೀಳ್ಬೇಕು. ಮನೆಯಿಂದ ಮೇನ್ ರೋಡ್ ತನಕ ಆಳು ನಡೆಯೋ ಸ್ಪೀಡಲ್ಲಿ ಹೋಗಿ ಬನ್ನಿ. ಎಷ್ಟು ಕಡೆ ತಾಗುತ್ತೋ ಅಷ್ಟು ಕಡೆ ನಿಮ್ಮ 48 ಲಕ್ಷ ತಾಗುತ್ತೆ. ಮಸ್ಟಾಂಗಿನ ಅಗಲ ಬೇರೆ 1916 ಮಿಲಿಮೀಟರ್, ಕ್ರಿಸ್ಟಾಗಿಂತ 86 ಜಾಸ್ತಿ, ಉಣಗೋಲು (ಮರದ ಅಡ್ಡಗೋಲಿನ ಗೇಟು) ಕಂಬದ ಮಧ್ಯ ಎಷ್ಟಿದೆ ಅಂತ ಅದನ್ನೂ ಅಳೀರಿ.

ಮೇಗರವಳ್ಳಿ_ಹುಡುಗ

ಈ ಐಡಿಯಾ ನಂಗೆ ಹೊಳೆದೇ ಇರ್ಲಿಲ್ಲ ಅಣ್ಣ. ನಾಳೆ ಬೆಳಿಗ್ಗೆನೇ ಮಾಡ್ತೀನಿ. ಅಕ್ಕಾ, ನೀವು ಸ್ಕೂಲ್ ಬಗ್ಗೆ ಕೇಳಿದ್ದು ನನ್ ಹೆಂಡ್ತಿಗೆ ತೋರಿಸ್ದೆ, ಅವಳು ಇದನ್ನೇ ಒಂದು ವರ್ಷದಿಂದ ಹೇಳ್ತಿದೀನಲ್ಲ ಅಂದ್ಲು.

ಸಾಗರ_ಹ್ಯೂಸ್ಟನ್_ಸಾಗರ

ದಬ್ಬೆ ಕಟ್ಟೋವಾಗ ಒಂದು ನೆನಪಿಟ್ಕೋ, ಮಧ್ಯದ ಹೊಟ್ಟೆ ಒಂದೇ ಅಲ್ಲ, ಮಸ್ಟಾಂಗಿನ ಮುಂದಿನ ತುಟಿ ಉದ್ದ ಮುಂದಕ್ಕೆ ಚಾಚಿರುತ್ತೆ. ಇಳಿಜಾರು ಮುಗಿದು ಸಮ ರೋಡ್ ಸಿಗೋ ಕಡೆ ಮೊದ್ಲು ತಾಗೋದು ಅದೇ. ಕ್ರಿಸ್ಟಾ ಮೂಗಲ್ಲಿ ಅದು ಗೊತ್ತಾಗಲ್ಲ, ಇಳಿದು ಕಣ್ಣಲ್ಲೇ ನೋಡ್ಬೇಕು.

ಮೇಗರವಳ್ಳಿ_ಹುಡುಗ

ಮಾಡಿದೆ. ಸ್ವಲ್ಪ ವಿವರವಾಗೇ ಹೇಳ್ತೀನಿ, ಇನ್ಯಾರಿಗಾದ್ರೂ ಉಪಯೋಗ ಆಗ್ಲಿ.

ಬೆಳಿಗ್ಗೆ ಏಳಕ್ಕೆ ಅಪ್ಪಯ್ಯನೇ ದಬ್ಬೆ ಸೀಳಿ ಕೊಟ್ರು. ಯಾಕೆ ಏನು ಅಂತ ಕೇಳ್ಲಿಲ್ಲ, ಕತ್ತೀಲಿ ಎರಡೂ ಅಂಚು ನಯ ಮಾಡಿ, ಕೆಳಗಡೆ ಸುಣ್ಣ ಬಳಿ, ತಾಗಿದ ಕಡೆ ಗುರುತು ಬೀಳುತ್ತೆ ಅಂದ್ರು. ಕೊಟ್ಟಿಗೇಲಿ ಅಡಿಕೆಗೆ ಹೊಡೆಯೋ ಬೋರ್ಡೋ ಔಷಧಿಗೆ ಅಂತ ತಂದಿದ್ದ ಸುಣ್ಣ ಇತ್ತು, ಅದನ್ನೇ ಗಟ್ಟಿಯಾಗಿ ಕಲಸಿ ಬಳಿದ್ವಿ. ಹಗ್ಗ ಬಿಗಿದು ಟೇಪ್ ಇಟ್ಟು 13.7 ನೋಡಿದ್ವಿ. ನಾನು ಓಡಿಸಿದೆ, ಅಪ್ಪಯ್ಯ ಪಕ್ಕದಲ್ಲಿ ಬಗ್ಗಿ ನೋಡ್ತಾ ನಡ್ಕೊಂಡು ಬಂದ್ರು, ನಾನು ಬೇಡ ಅಂದ್ರೂ ಕೇಳ್ಲಿಲ್ಲ.

ಉಣಗೋಲು ದಾಟೋ ಕಡೆ ಅಗಲಕ್ಕೆ ತೊಂದರೆ ಇಲ್ಲ. ಅಲ್ಲಿಂದ 50 ಮೀಟರಿಗೆ ನಮ್ಮ ಹಳ್ಳದ ಮೋರಿ ಮೇಲೆ ಮೊದಲ್ನೇ ಸಲ ಕರ್ ಅಂತು. ಆಮೇಲೆ ಟ್ರ್ಯಾಕ್ಟರ್ ಓಡಾಡಿ ಎರಡು ಪಕ್ಕ ಕುಸಿದು ನಡುವೆ ದಿಬ್ಬ ಎದ್ದಿರೋ ಜಾಗದಲ್ಲಿ ಹತ್ತು ಹದಿನೈದು ಮಾರು ಬಿಡದೆ ಎಳ್ಕೊಂಡೇ ಬಂತು, ಹಿಂದೆ ಹುಲ್ಲಿನ ಮೇಲೆ ಬಿಳೀ ಗೆರೆ. ಇವೆರಡೂ ನಮ್ಮ ಜಾಗ, ಜಲ್ಲಿ ಹಾಕ್ಸಿ ಸರಿ ಮಾಡ್ಸಬಹುದು. ಪಂಚಾಯ್ತಿ ರೋಡಿಗೆ ಹತ್ತೋ ಕಡೆ ಕಾಂಕ್ರೀಟ್ ಅಂಚು ಎತ್ತರ ಇದೆ, ಅಲ್ಲಿ ತಾಗ್ತು. ಶಾಲೆ ಮುಂದಿನ ಹಂಪಲ್ಲಿ ದಬ್ಬೆ ಪೂರ್ತಿ ತಿರುಗಿ ಹಗ್ಗ ಕಳಚಿ ಬಿತ್ತು. ಆ ಹಂಪ್ ತೆಗೀರಿ ಅಂತ ನಾನು ಕೇಳಲ್ಲ, ಅಲ್ಲಿ ಮಕ್ಕಳು ಓಡಾಡ್ತಾರೆ, ನನ್ನ ಮಗಳೂ ಈಗ ಅಲ್ಲಿನ ಅಂಗನವಾಡಿಗೇ ಹೋಗೋದು. ಮೇನ್ ರೋಡಿಗೆ ಸೇರೋ ಇಳಿಜಾರಲ್ಲಿ ಇಳಿದು ನೋಡಿದೆ, ಸಾಗರದಣ್ಣ ಹೇಳಿದ ಹಾಗೆ ಮುಂದಿನ ತುಟಿ ಖಂಡಿತ ಉಳಿಯಲ್ಲ.

ವಾಪಸ್ ಬಂದು ಅಪ್ಪಯ್ಯ ಆ ದಬ್ಬೆ ಎತ್ಕೊಂಡು ನೋಡಿದ್ರು, ಸುಣ್ಣ ಮಧ್ಯದಲ್ಲೆಲ್ಲ ಉಜ್ಜಿ ಹೋಗಿತ್ತು. ಆಮೇಲೆ ಮೆಲ್ಲಗೆ, ನಿನ್ನ ಹಾಸ್ಟೆಲ್ ರೂಮಲ್ಲಿತ್ತಲ್ಲ ಕೆಂಪು ಕಾರು, ಅದೇನಾ ಇದು ಅಂತ ಕೇಳಿದ್ರು. 14 ವರ್ಷದ ಹಿಂದೆ ಒಂದೇ ಒಂದು ಸಲ ಅಲ್ಲಿಗೆ ಬಂದಿದ್ರು, ಅದು ಅವರಿಗೆ ನೆನಪಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಬೆಂಗಳೂರಿನವರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂತ ಹೇಳಿದೆ. ಹೇಳೋವಾಗ ಗಂಟಲು ಕಟ್ಟಿತು. ಅವರು ಬೇಜಾರ್ ಮಾಡ್ಕೊಳ್ಲಿಲ್ಲ, ಯಾವಾಗ ಬಂದ್ರೂ ಒಂದು ರೌಂಡ್ ಓಡಿಸಿ ಅಂದ್ರು. ಶಿವಮೊಗ್ಗದಲ್ಲಿ ಮನೆ ಮಾಡೋದು ಹೆಚ್ಚುಕಮ್ಮಿ ಎರಡು ವರ್ಷಕ್ಕೆ ಅಂತ ಮನೇಲಿ ಮಾತಾಯ್ತು, ಆಗ ಮತ್ತೆ ಹುಡುಕ್ತೀನಿ, ಭದ್ರಾವತಿ ಅಣ್ಣ ಹೇಳಿದ್ದನ್ನ ನಾನು ಮರ್ತಿಲ್ಲ. ಈಗ ವರ್ಟಸ್ 1.5 ಮ್ಯಾನ್ಯುಯಲ್ ಟೆಸ್ಟ್ ಡ್ರೈವ್ ಮಾಡಿದೆ, ಸವಳಂಗ ರೋಡ್ ಕಡೆ. ಮೂರನೇ ಗೇರಲ್ಲಿ 2000ದಿಂದ ಎಳೆದ ರೀತಿ ತುಂಬಾ ಇಷ್ಟ ಆಯ್ತು, ಕ್ಲಚ್ ಹಗುರ. ಸಾಗರದಣ್ಣ ಹೇಳಿದ್ರಲ್ಲ, ಅದಕ್ಕೋಸ್ಕರನೇ ಇಷ್ಟಪಟ್ಟು ತಗೋ ಅಂತ, ಆ ಮಾತು ತಲೇಲಿ ಇಟ್ಕೊಂಡೇ ಓಡಿಸಿದೆ. ಬುಕ್ ಮಾಡಿದೀನಿ. ಡೆಲಿವರಿಗೆ ಮುಂಚೆ ಏನೇನು ನೋಡ್ಬೇಕು ಅಂತ ಯಾರಾದ್ರೂ ಹೇಳಿ.

ಬಿಎಚ್‌ರೋಡ್_ಮೆಕ್ಯಾನಿಕ್

ಬಿಲ್ ಮಾಡ್ಸೋಕೆ ಮುಂಚೆ ಯಾರ್ಡಲ್ಲೇ ಗಾಡಿ ನೋಡ್ಬೇಕು, ಬಿಲ್ ಆದ್ಮೇಲೆ ನೋಡಿ ಪ್ರಯೋಜನ ಇಲ್ಲ. ಟೈರಿನ ಮೇಲಿರೋ ನಾಲ್ಕು ಅಂಕೆ (ಅದು ಮಾಡಿದ ವಾರ, ವರ್ಷ), ಗ್ಲಾಸಿನ ಮೇಲಿನ ಗುರುತು, ಚಾಸಿ ನಂಬರಲ್ಲಿರೋ ತಿಂಗಳು ವರ್ಷ, ಎಲ್ಲ ಒಂದಕ್ಕೊಂದು ಹೊಂದ್ಬೇಕು. ಪೇಂಟ್ ಬಿಸಿಲಲ್ಲೇ ನೋಡು, ಶೆಡ್ ಒಳಗೆ ಬೇಡ. ಬ್ಯಾಟರಿ ವೋಲ್ಟೇಜ್ ಚೆಕ್ ಮಾಡಿಸು. ಯಾವ ದಿನ ಅಂತ ಹೇಳು, ನಾನೇ ಬರ್ತೀನಿ, ಸ್ಕ್ಯಾನರ್ ತರ್ತೀನಿ. ಬರೋವಾಗ ಅಪ್ಪಯ್ಯನ್ನೂ ಕರ್ಕೊಂಡು ಬಾ.

ಹೊಸನಗರ_ಅಕ್ಕ

ಮಗು ಸೀಟಿಗೆ ಐಸೋಫಿಕ್ಸ್ ಕೊಂಡಿ ಇರುತ್ತೆ ಹಿಂದೆ, ಡೆಲಿವರಿ ದಿನನೇ ಸೀಟ್ ತಗೊಂಡು ಹೋಗಿ ಅಲ್ಲೇ ಹಾಕಿ ನೋಡು ತಮ್ಮಾ. ಯಾವ ಬಣ್ಣ ಹೇಳಿದೀಯ?

ಮೇಗರವಳ್ಳಿ_ಹುಡುಗ

ಕೆಂಪು ಅಕ್ಕ.